ಆಕಾಶದಿಂದ ಬಂದವರು ಎದ್ದು ನಿಲ್ಲುವ ಬಗೆ

2006ರ ಸೆಪ್ಟೆಂಬರ್ 22. ಅಮೆರಿಕದ ಹ್ಯೂಸ್ಟನ್ ಬಳಿಯ ಎಲಿಂಗ್ಟನ್ ಫೀಲ್ಡಿನಲ್ಲಿ ಅಟ್ಲಾಂಟಿಸ್ ನೌಕೆಯ ತಂಡಕ್ಕೆ ಸ್ವಾಗತ ಸಮಾರಂಭ. ಹನ್ನೆರಡು ದಿನ ಬಾಹ್ಯಾಕಾಶದಲ್ಲಿದ್ದು ಹಿಂದಿನ ದಿನವಷ್ಟೇ ಅವರು ನೆಲಕ್ಕಿಳಿದಿದ್ದರು. ಹೈಡಿಮೇರಿ ಸ್ಟೆಫನಿಶಿನ್-ಪೈಪರ್ ಮೈಕಿನ ಮುಂದೆ ನಿಂತು ಮಾತಾಡುತ್ತಿದ್ದಂತೆ ಕಾಲುಗಳು ಕುಸಿದವು. ಪಕ್ಕದಲ್ಲಿದ್ದವರು ಹಿಡಿದುಕೊಂಡರು. ಸುಧಾರಿಸಿಕೊಂಡು ಮತ್ತೆ ಮಾತಿಗೆ ನಿಂತರು, ಮತ್ತೆ ಕುಸಿದರು. ಆಕೆ ನೌಕಾಪಡೆಯ ಮುಳುಗು ದಳದಲ್ಲಿ ಪಳಗಿದವರು. ಆ ಯಾನದಲ್ಲೇ ಎರಡು ಸಲ ನೌಕೆಯಿಂದಾಚೆ ಬಂದು ಗಂಟೆಗಟ್ಟಲೆ ದುಡಿದವರು. ಅಂಥವರನ್ನು ನೆಲ ಮುಟ್ಟಿದ ಮರುದಿನವೂ ನೆಟ್ಟಗೆ ನಿಲ್ಲಗೊಡದ ಸಂಗತಿ ಯಾವುದು?

2025ರ ಮಾರ್ಚಿನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 286 ದಿನಗಳ ಬಳಿಕ ಮರಳಿದಾಗಲೂ ಟೀವಿಯಲ್ಲಿ ಮತ್ತೆ ಮತ್ತೆ ಕಂಡದ್ದು ಸ್ಟ್ರೆಚರ್. ಅದನ್ನು ನೋಡಿ ‘ಪಾಪ, ಎಷ್ಟು ಸೊರಗಿದ್ದಾರೆ’ ಎಂದು ಮರುಗಿದವರು ಬಹಳ. ಆದರೆ ಬಾಹ್ಯಾಕಾಶದಿಂದ ಮರಳಿದವರನ್ನು ಹಾಗೆ ಮಲಗಿಸಿ ಸಾಗಿಸುವುದು ರೂಢಿಯ ಎಚ್ಚರಿಕೆ. ಅದನ್ನು ಕಾಯಿಲೆಯ ಗುರುತೆಂದು ತಿಳಿಯಬೇಕಿಲ್ಲ. ಅವರ ದೇಹ ಕೆಟ್ಟಿರುವುದಿಲ್ಲ. ತೂಕವಿಲ್ಲದ ಲೋಕಕ್ಕೆ ಅದು ಸರಿಯಾಗಿಯೇ ಹೊಂದಿಕೊಂಡಿರುತ್ತದೆ, ಆ ಹೊಂದಾಣಿಕೆ ಭೂಮಿಯ ಮೇಲೆ ಒಗ್ಗುವುದಿಲ್ಲ, ಅಷ್ಟೇ. ಇದನ್ನು ಸರಿಪಡಿಸಲು ಅರವತ್ತು ವರ್ಷಗಳಿಂದ ನಡೆದ ಕೆಲಸದ ಕಥೆಯನ್ನು ನಮ್ಮ ಮನೆಗಳಲ್ಲಿ, ವಾರ್ಡುಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ತಿಳಿಯಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ನೆಲದ ಮೇಲಿನ ವ್ಯವಹಾರ. ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಜಾರಿ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದು ಹೊರದೂಡುವುದೂ ಕಡಿಮೆಯಾಗುತ್ತದೆ. ಇಷ್ಟಕ್ಕೇ ಬಿಟ್ಟರೆ ಮಿದುಳಿಗೆ ರಕ್ತ ಸಾಲದೆ ನಾವೆಲ್ಲ ದಿನವೂ ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲೇ ಬೀಳಬೇಕಿತ್ತು. ಹಾಗಾಗದಂತೆ ಕುತ್ತಿಗೆಯ ಎರಡು ಬದಿಯ ದೊಡ್ಡ ರಕ್ತನಾಳಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿಯೂ ಒತ್ತಡವನ್ನು ಅಳೆಯುವ ನರತುದಿಗಳು ಕಾದಿರುತ್ತವೆ. ಒತ್ತಡ ಇಳಿದದ್ದು ಅವುಗಳಿಗೆ ಕ್ಷಣದಲ್ಲಿ ತಿಳಿಯುತ್ತದೆ. ಕಾಲಿನ, ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ, ಎದೆಬಡಿತ ನಿಮಿಷಕ್ಕೆ ಹತ್ತು ಹದಿನೈದು ಏರುತ್ತದೆ. ಹೆಜ್ಜೆಯಿಟ್ಟರೆ ಮೀನಖಂಡದ ಸ್ನಾಯುಗಳು ಒಳಗಿನ ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಇಷ್ಟೆಲ್ಲ ನಡೆಯುವುದು ನಮ್ಮ ಅರಿವಿಗೆ ಬರುವುದೇ ಇಲ್ಲ. ಜ್ವರದಿಂದ ಎದ್ದ ದಿನವೋ, ಬಿಸಿಲಲ್ಲಿ ಬೆವರಿಳಿಸಿ ನಿಂತ ದಿನವೋ ಕಣ್ಣು ಕತ್ತಲಿಟ್ಟಾಗ ಮಾತ್ರ ಈ ಏರ್ಪಾಡು ತುಸು ತಡವಾದದ್ದು ಗೊತ್ತಾಗುತ್ತದೆ.

ಕಕ್ಷೆಯಲ್ಲಿ ಈ ಏರ್ಪಾಡಿಗೆ ಕೆಲಸವೇ ಇಲ್ಲ. ಅಲ್ಲಿ ಮೇಲು ಕೆಳಗು ಇಲ್ಲದ್ದರಿಂದ ಕಾಲಿನಲ್ಲಿದ್ದ ದ್ರವ ಎದೆಗೂ ತಲೆಗೂ ಹಂಚಿಹೋಗುತ್ತದೆ. ಒಂದರಿಂದ ಎರಡು ಲೀಟರಿನವರೆಗೆ ಹೀಗೆ ಜಾಗ ಬದಲಿಸುತ್ತದೆ ಎಂಬುದು ಲೆಕ್ಕ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕಾಲುಗಳು ಕೋಳಿಯ ಕಾಲಿನಂತೆ ಸಣಕಲಾಗುತ್ತವೆ ಎಂದು ಗಗನಯಾತ್ರಿಗಳೇ ಹೇಳಿಕೊಳ್ಳುತ್ತಾರೆ. ಬಾಯಾರಿಕೆ ಕುಗ್ಗುತ್ತದೆ. ರಕ್ತದ ನೀರಿನಂಶವಾದ ಪ್ಲಾಸ್ಮಾ ಮೊದಲ ಕೆಲವೇ ದಿನಗಳಲ್ಲಿ ಶೇಕಡಾ 10ರಿಂದ 15ರಷ್ಟು ಇಳಿಯುತ್ತದೆ. ಅದರ ಹಿಂದೆಯೇ ಕೆಂಪು ರಕ್ತಕಣಗಳೂ ಕಡಿಮೆಯಾಗುತ್ತವೆ. ಒಟ್ಟವಾ ವಿಶ್ವವಿದ್ಯಾಲಯದ ಸಂಶೋಧಕರು 14 ಗಗನಯಾತ್ರಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೆಲದ ಮೇಲೆ ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳನ್ನು ಕೆಡವಿ ಹೊಸದು ಮಾಡಿದರೆ, ಬಾಹ್ಯಾಕಾಶದಲ್ಲಿ 30 ಲಕ್ಷ ಕೆಡವುತ್ತದೆ.

ಇಲ್ಲೊಂದು ಸೊಗಸಾದ ಪ್ರಯೋಗದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ದ್ರವವೆಲ್ಲ ಎದೆಯ ಕಡೆಗೆ ನುಗ್ಗುವುದರಿಂದ ಹೃದಯದ ಬಳಿಯ ಸಿರೆಗಳಲ್ಲಿ ಒತ್ತಡ ಏರುತ್ತದೆ ಎಂದು ಎಲ್ಲರೂ ನಂಬಿದ್ದರು. ಅಳೆದು ನೋಡಿದವರು ಯಾರೂ ಇರಲಿಲ್ಲ. 1991ರ ಜೂನ್‌ನಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋದ ಡ್ರೂ ಗ್ಯಾಫ್ನಿ ಸ್ವತಃ ಹೃದ್ರೋಗ ತಜ್ಞ. ಉಡಾವಣೆಗೆ ಮೊದಲೇ ತೋಳಿನ ಸಿರೆಯ ಮೂಲಕ ಸಣ್ಣ ಕೊಳವೆಯೊಂದನ್ನು ಹೃದಯದ ಹತ್ತಿರದವರೆಗೆ ಹಾಯಿಸಿಕೊಂಡು, ಅದರೊಂದಿಗೇ ರಾಕೆಟ್ ಏರಿದರು. ಕಕ್ಷೆ ಸೇರುತ್ತಿದ್ದಂತೆ ಒತ್ತಡ ಏರಲಿಲ್ಲ, ಇಳಿಯಿತು. 1993ರ ಯಾನದಲ್ಲೂ ಇದೇ ಫಲಿತಾಂಶ ಬಂತು. ಎದೆಗೂಡು, ಶ್ವಾಸಕೋಶ ಎಲ್ಲದರ ಭಾರ ತಪ್ಪಿ ಹೃದಯದ ಸುತ್ತ ಜಾಗ ಸಡಿಲಾಗುತ್ತದೆ, ಕಡಿಮೆ ಒತ್ತಡದಲ್ಲೇ ಅದು ಹೆಚ್ಚು ತುಂಬಿಕೊಳ್ಳುತ್ತದೆ ಎಂಬ ವಿವರಣೆ ಆಮೇಲೆ ಬಂತು. ಪಠ್ಯಪುಸ್ತಕದ ಊಹೆಯೊಂದು ಒಬ್ಬ ವೈದ್ಯ ತನ್ನ ಮೈಯನ್ನೇ ಒಡ್ಡಿದ್ದರಿಂದ ತಿದ್ದುಪಡಿಯಾಯಿತು. ಇಂಥವರ ಹೆಸರು ಶಾಲೆಯ ಮಕ್ಕಳಿಗೆ ತಿಳಿದಿರಬೇಕು.

ಹೀಗೆ ಹಗುರ ಕೆಲಸಕ್ಕೆ ಒಗ್ಗಿದ ಹೃದಯ ಕ್ರಮೇಣ ಚಿಕ್ಕದಾಗುತ್ತದೆ. ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ 340 ದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಬಂದಾಗ ಅವರ ಎಡ ಹೃತ್ಕುಕ್ಷಿಯ ತೂಕ ಸುಮಾರು ಕಾಲು ಭಾಗ ಇಳಿದಿತ್ತು. ಅವರು ವಾರದಲ್ಲಿ ಆರು ದಿನ ವ್ಯಾಯಾಮ ಮಾಡಿದವರು ಎಂಬುದನ್ನು ಮರೆಯಬಾರದು. ಈ ಲೆಕ್ಕವನ್ನು ಕೊಟ್ಟ ಅಧ್ಯಯನದಲ್ಲೇ ಇನ್ನೊಬ್ಬರ ಹೃದಯವನ್ನೂ ಅಳೆಯಲಾಗಿತ್ತು: 2018ರಲ್ಲಿ ಪೆಸಿಫಿಕ್ ಸಾಗರವನ್ನು ಈಜಿ ದಾಟಲು ಹೊರಟ ಬೆನ್ವಾ ಲೆಕಾಂಟ್. 159 ದಿನ, ದಿನಕ್ಕೆ ಸರಾಸರಿ ಆರು ಗಂಟೆಯ ಹತ್ತಿರ ಈಜಿದರೂ ಅವರ ಹೃದಯವೂ ಅದೇ ವೇಗದಲ್ಲಿ ಕುಗ್ಗಿತ್ತು. ಈಜುವಾಗಲೂ, ರಾತ್ರಿ ದೋಣಿಯಲ್ಲಿ ಮಲಗಿದಾಗಲೂ ಅವರ ಮೈ ಅಡ್ಡವಾಗಿಯೇ ಇತ್ತು. ಹೃದಯವನ್ನು ದೊಡ್ಡದಾಗಿಟ್ಟಿರುವುದು ಬರೀ ದುಡಿಮೆಯಲ್ಲ, ದಿನವಿಡೀ ರಕ್ತವನ್ನು ನೆಲದ ಸೆಳೆತಕ್ಕೆದುರಾಗಿ ತಲೆಯವರೆಗೆ ಏರಿಸುವ ಹೊಣೆಯೂ ಹೌದು.

ಇನ್ನು ಮರಳುವ ಗಳಿಗೆ. ರಕ್ತ ಕಡಿಮೆ, ಹೃದಯ ಚಿಕ್ಕದು, ರಕ್ತನಾಳಗಳನ್ನು ಬಿಗಿಯುವ ನರಗಳ ಸ್ಪಂದನ ಕೆಲವರಲ್ಲಿ ಮಂಕು. ಇದೆಲ್ಲದರ ಮೇಲೆ ಒಮ್ಮೆಲೇ ಭೂಮಿಯ ಪೂರ್ತಿ ಸೆಳೆತ. ಬಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಟ್ಲಾಂಟಿಸ್‌ನಂಥ ಷಟಲ್ ನೌಕೆಗಳ ಯಾನಗಳಿಂದ ಬಂದ 14 ಮಂದಿಯಲ್ಲಿ 9 ಮಂದಿಗೆ ಹತ್ತು ನಿಮಿಷ ನಿಂತಿರುವ ಪರೀಕ್ಷೆಯನ್ನು ಮುಗಿಸಲಾಗಲಿಲ್ಲ. ನಿಂತವರಿಗೂ ಬಿದ್ದವರಿಗೂ ಮುಖ್ಯ ವ್ಯತ್ಯಾಸ ಕಂಡದ್ದು ರಕ್ತನಾಳಗಳನ್ನು ಬಿಗಿಯುವ ಶಕ್ತಿಯಲ್ಲಿ. ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಹೆಚ್ಚು ಎಂದೂ ಮುಂದಿನ ಅಧ್ಯಯನಗಳು ತೋರಿಸಿದವು. ಸ್ಟೆಫನಿಶಿನ್-ಪೈಪರ್ ಕುಸಿದದ್ದು ಆಕೆಯ ತ್ರಾಣದ ಕೊರತೆಯಿಂದಲ್ಲ.

ಇದಕ್ಕೆ ತಿಂಗಳುಗಟ್ಟಲೆ ಮೇಲಿರಬೇಕೆಂದೂ ಇಲ್ಲ. 1963ರ ಮೇ ತಿಂಗಳಲ್ಲಿ ಗಾರ್ಡನ್ ಕೂಪರ್ ಮರ್ಕ್ಯುರಿ ಕೋಶದಲ್ಲಿ ಸುಮಾರು 34 ಗಂಟೆ ಕಳೆದು ಕಿಯರ್‌ಸಾರ್ಜ್ ಹಡಗಿನ ಮೇಲೆ ಎದ್ದು ನಿಂತಾಗಲೇ ಅವರಿಗೆ ತಲೆ ತಿರುಗಿತ್ತು. ಆದರೆ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು 1970ರ ಜೂನ್‌ನಲ್ಲಿ ಇಳಿದ ಸೊಯೂಜ್-9. ಆಂಡ್ರಿಯನ್ ನಿಕೊಲಾಯೆವ್ ಮತ್ತು ವಿಟಾಲಿ ಸೆವಸ್ತ್ಯಾನೊವ್ ಆ ಇಕ್ಕಟ್ಟಿನ ಕೋಶದಲ್ಲಿ 18 ದಿನ ಇದ್ದು ಬಂದಿದ್ದರು. ಅವರನ್ನು ಹೊರಗೆ ಎತ್ತಿ ತರಬೇಕಾಯಿತು. ಸ್ವಂತ ಕಾಲ ಮೇಲೆ ಸಲೀಸಾಗಿ ನಿಲ್ಲಲು ದಿನಗಳೇ ಹಿಡಿದವು. ಮನುಷ್ಯ ಬಾಹ್ಯಾಕಾಶದಲ್ಲಿ ಹೆಚ್ಚು ದಿನ ಇರಲಾರನೇನೋ ಎಂಬ ಅಳುಕು ಹುಟ್ಟಿದ್ದು ಆಗ. ಸೋವಿಯತ್ ವೈದ್ಯರು ಕೈಕಟ್ಟಿ ಕೂರಲಿಲ್ಲ. ಕಕ್ಷೆಯಲ್ಲಿ ದಿನವೂ ವ್ಯಾಯಾಮ, ಸ್ನಾಯುಗಳಿಗೆ ಸದಾ ಎಳೆತ ಕೊಡುವ ‘ಪೆಂಗ್ವಿನ್’ ಉಡುಪು, ‘ಚಿಬಿಸ್’ ಎಂಬ ವಿಶೇಷ ಷರಾಯಿ ಇವೆಲ್ಲ ಆ ದಶಕದಲ್ಲಿ ಬಂದವು. ಚಿಬಿಸ್‌ನಲ್ಲಿ ಸೊಂಟದಿಂದ ಕೆಳಗಿನ ಗಾಳಿಯನ್ನು ಹೀರಿ ಒತ್ತಡ ತಗ್ಗಿಸುತ್ತಾರೆ, ಆಗ ರಕ್ತ ಕಾಲಿಗೆ ಇಳಿಯುತ್ತದೆ. ನೆಲದ ಮೇಲೆ ಎದ್ದು ನಿಂತಂತೆ ದೇಹಕ್ಕೆ ಅನ್ನಿಸುತ್ತದೆ. ಇಳಿಯುವುದಕ್ಕೆ ಕೆಲವು ವಾರ ಮೊದಲು ರಷ್ಯನ್ ಗಗನಯಾತ್ರಿಗಳು ಇದರೊಳಗೆ ನಿಂತು ತಾಲೀಮು ಮಾಡುತ್ತಾರೆ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲೂ 1973-74ರಲ್ಲಿ ಇದೇ ತತ್ತ್ವದ ಪೆಟ್ಟಿಗೆ ಇತ್ತು. ಫಲ ಎಷ್ಟೆಂದರೆ, 1995ರ ಮಾರ್ಚಿನಲ್ಲಿ 437 ದಿನ ಮೇಲಿದ್ದು ಇಳಿದ ವೈದ್ಯ ವಲೇರಿ ಪಾಲ್ಯಕೊವ್ ಕೋಶದಿಂದ ಹತ್ತಿರದ ಕುರ್ಚಿಯವರೆಗೆ ತಾವೇ ನಡೆದು ಹೋದರು.

ಉಳಿದ ಉಪಾಯಗಳು ಕೇಳಲು ತೀರಾ ಸರಳ. ರಕ್ತದ ನೀರು ಕಡಿಮೆಯಾಗಿದೆಯೇ, ಇಳಿಯುವ ಮುನ್ನ ಕುಡಿಸಿ. ಬರೀ ನೀರು ಕುಡಿದರೆ ಮೂತ್ರವಾಗಿ ಹೋಗುತ್ತದೆ. ಉಪ್ಪು ಇದ್ದರೆ ಅದು ರಕ್ತದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. 1980ರ ದಶಕದ ಷಟಲ್ ಯಾನಗಳಲ್ಲಿ, ಇಳಿಯುವ ಒಂದೆರಡು ಗಂಟೆ ಮೊದಲು ಎಂಟು ಉಪ್ಪಿನ ಮಾತ್ರೆ ಮತ್ತು ಸುಮಾರು ಒಂದು ಲೀಟರ್ ನೀರು ಕೊಡುವ ಪದ್ಧತಿ ಹೀಗೆ ಬಂತು. ಕುಡಿದವರ ಎದೆಬಡಿತ ನಿಂತಾಗ ಅಷ್ಟಾಗಿ ಏರಲಿಲ್ಲ. ಮಾತ್ರೆ ಒಗ್ಗದವರಿಗೆ ಕೋಳಿ ಸಾರಿನಂಥ ಉಪ್ಪು ಪಾನೀಯವೂ ಇತ್ತು. ಆದರೆ ಈ ನೀರಿನ ಬಲ ಕೆಲವೇ ಗಂಟೆಗಳದ್ದು. ಯಾನ ಉದ್ದವಾದಷ್ಟೂ ಅದೊಂದೇ ಸಾಲದು.

ಎರಡನೆಯದು ಕಾಲು, ಹೊಟ್ಟೆಯನ್ನು ಹೊರಗಿನಿಂದ ಬಿಗಿಯುವ ಉಡುಪು. ಯುದ್ಧವಿಮಾನದ ಪೈಲಟ್‌ಗಳು ತೊಡುವ, ಗಾಳಿ ತುಂಬಿ ಉಬ್ಬುವ ಉಡುಪನ್ನು ಷಟಲ್‌ನವರು ಬಳಸಿದರು. ರಷ್ಯನ್ನರು ‘ಕೆಂಟಾವರ್’ ಎಂಬ ಎಲಾಸ್ಟಿಕ್ ಚಡ್ಡಿಯನ್ನೂ ಮೀನಖಂಡಕ್ಕೆ ಸುತ್ತುವ ಪಟ್ಟಿಗಳನ್ನೂ ಲಾಡಿ ಎಳೆದು ಬಿಗಿಮಾಡಿ, ಒಳಉಡುಪಾಗಿ ತೊಡುತ್ತಾರೆ. ನಾಸಾ ಆಮೇಲೆ ರೂಪಿಸಿದ್ದು ಒಬ್ಬೊಬ್ಬರ ಅಳತೆಗೆ ಹೊಲಿದ, ಹಿಮ್ಮಡಿಯ ಬಳಿ ತುಂಬ ಬಿಗಿಯಾಗಿ ಮೇಲೆ ಹೋದಂತೆ ಸಡಿಲವಾಗುವ ಉಡುಪು. ಹಿಮ್ಮಡಿಯ ಹತ್ತಿರ 55 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಹೊಟ್ಟೆಯ ಬಳಿ ಹದಿನಾರರ ಆಸುಪಾಸಿಗೆ ಇಳಿಯುತ್ತದೆ. ಸಿರೆ ಉಬ್ಬಿದವರಿಗೆ ನಮ್ಮ ವೈದ್ಯರು ಬರೆದುಕೊಡುವ ಬಿಗಿ ಕಾಲುಚೀಲದ ತತ್ತ್ವವೇ ಇಲ್ಲಿಯೂ ಇದೆ. ಪ್ರಕೃತಿ ಇದನ್ನು ಮೊದಲೇ ಮಾಡಿತ್ತು ಎಂಬುದಕ್ಕೆ ಜಿರಾಫೆಯೇ ಸಾಕ್ಷಿ. ಅಷ್ಟೆತ್ತರದ ಪ್ರಾಣಿಯ ಕಾಲಿನಲ್ಲಿ ರಕ್ತದ ಒತ್ತಡ ಭೀಕರವಾಗಿರುತ್ತದೆ, ಆದರೂ ಪಾದ ಊದುವುದಿಲ್ಲ. ಅಲನ್ ಹಾರ್ಗೆನ್ಸ್ ಮತ್ತು ಸಂಗಡಿಗರು ಅದರ ಕಾಲನ್ನು ಅಳೆದು 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಂತೆ, ಕಾಲಿನ ದಪ್ಪ ಬಿಗಿ ಚರ್ಮವೇ ಅದಕ್ಕೆ ಹುಟ್ಟುಡುಪು. ಅದೇ ಹಾರ್ಗೆನ್ಸ್ ಬಾಹ್ಯಾಕಾಶ ವೈದ್ಯಕ್ಕೂ ದಶಕಗಳ ಕಾಲ ದುಡಿದವರು.

ಔಷಧಿಗಳನ್ನೂ ಹುಡುಕಿದ್ದಾರೆ. ರಕ್ತನಾಳ ಬಿಗಿಯುವ ಮಿಡೊಡ್ರಿನ್ ಸ್ವಲ್ಪ ಭರವಸೆ ಹುಟ್ಟಿಸಿತು. ಆದರೆ ಇಳಿದಾಗಿನ ವಾಕರಿಕೆಗೆ ಕೊಡುವ ಪ್ರೊಮೆಥಜಿನ್ ಜೊತೆ ಸೇರಿದರೆ ಮೈಯಲ್ಲಿ ತಡೆಯಲಾಗದ ಚಡಪಡಿಕೆ ಹುಟ್ಟಬಹುದೆಂದು ಕಂಡುಬಂತು. ದೇಹ ಉಪ್ಪನ್ನು ಹಿಡಿದಿಡುವಂತೆ ಮಾಡುವ ಫ್ಲುಡ್ರೊಕಾರ್ಟಿಸೋನ್ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ.

ಕೊನೆಗೆ ಗೆದ್ದದ್ದು ಬೆವರು. ಇವತ್ತು ನಿಲ್ದಾಣದಲ್ಲಿರುವವರು ದಿನಕ್ಕೆ ಎರಡರಿಂದ ಎರಡೂವರೆ ಗಂಟೆಯನ್ನು ವ್ಯಾಯಾಮಕ್ಕೆಂದೇ ಮೀಸಲಿಡುತ್ತಾರೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುತ್ತಾರೆ, ಸೈಕಲ್ ತುಳಿಯುತ್ತಾರೆ, ನಿರ್ವಾತ ಸಿಲಿಂಡರುಗಳ ಎದುರು ಭಾರ ಎತ್ತುತ್ತಾರೆ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿರುವ ಬೆಂಜಮಿನ್ ಲೆವೀನ್ ಅವರ ತಂಡ ಸುಮಾರು ಆರು ತಿಂಗಳು ಮೇಲಿದ್ದ 12 ಮಂದಿಗೆ, ನಾಲ್ವರು ಹೆಂಗಸರು ಎಂಟು ಗಂಡಸರಿಗೆ, ರಕ್ತದೊತ್ತಡವನ್ನು ಸತತವಾಗಿ ಅಳೆಯುವ ಯಂತ್ರ ತೊಡಿಸಿ ನೋಡಿತು. ಮಲಗಿಸಿ ಓರೆಯಾಗಿ ಎತ್ತಿ ಕಾಡಿಸುವ ಪರೀಕ್ಷೆಯ ಹಲಗೆಯ ಮೇಲಲ್ಲ, ಇಳಿದ ಮೊದಲ 24 ಗಂಟೆಯ ಸಾಮಾನ್ಯ ಓಡಾಟದಲ್ಲಿ. ಒಬ್ಬರೂ ಬವಳಿ ಬಂದು ಬೀಳಲಿಲ್ಲ. 2019ರ ಜುಲೈನಲ್ಲಿ ಪ್ರಕಟವಾದ ಈ ವರದಿ ಯಶಸ್ಸನ್ನು ಎರಡಕ್ಕೆ ಹಂಚುತ್ತದೆ: ಮೇಲೆ ಮಾಡಿದ ಕಠಿಣ ವ್ಯಾಯಾಮ, ಇಳಿದ ಕೂಡಲೇ ಸಿರೆಗೆ ಹಾಕಿದ ಸಲೈನ್ ಡ್ರಿಪ್. ವ್ಯಾಯಾಮವಿಲ್ಲದೆ ಸಲೈನ್ ಮಾತ್ರವೋ, ಸಲೈನ್ ಇಲ್ಲದೆ ವ್ಯಾಯಾಮ ಮಾತ್ರವೋ ಆಗಿದ್ದರೆ ಇಷ್ಟು ಫಲ ಬರುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಚಿಕ್ಕದಾದ ಹೃದಯಕ್ಕೆ ತುಂಬಿಕೊಳ್ಳಲು ರಕ್ತವೂ ಬೇಕು, ತುಂಬಿದ್ದನ್ನು ಎತ್ತಿ ಎಸೆಯುವ ಕಸುವೂ ಬೇಕು.

ಈ ಜ್ಞಾನದ ಬಹುಪಾಲು ಆಕಾಶದಲ್ಲಿ ಸಿಕ್ಕಿದ್ದಲ್ಲ, ಹಾಸಿಗೆಯ ಮೇಲೆ ಸಿಕ್ಕಿದ್ದು. ಮಂಚದ ತಲೆಯ ಕಡೆಯನ್ನು ಆರು ಡಿಗ್ರಿ ತಗ್ಗಿಸಿ ಆರೋಗ್ಯವಂತರನ್ನು ವಾರಗಟ್ಟಲೆ ಮಲಗಿಸಿದರೆ ದೇಹದಲ್ಲಿ ಬಾಹ್ಯಾಕಾಶದಂಥದೇ ಬದಲಾವಣೆಗಳು ಕಾಣುತ್ತವೆ. ಮಾಸ್ಕೋ, ಟೂಲೂಸ್, ಕಲೋನ್ ನಗರಗಳಲ್ಲಿ ಇದಕ್ಕೆಂದೇ ಕೇಂದ್ರಗಳಿವೆ. 2019ರಲ್ಲಿ ಕಲೋನ್‌ನಲ್ಲಿ 24 ಮಂದಿ 60 ದಿನ ಹೀಗೆ ಮಲಗಿದರು. ಊಟ, ಸ್ನಾನ, ಶೌಚ ಎಲ್ಲವೂ ಮಲಗಿಯೇ. ಅವರಲ್ಲಿ ಕೆಲವರನ್ನು ದಿನಕ್ಕೆ ಅರ್ಧ ಗಂಟೆ ಗರಗರ ತಿರುಗುವ ಯಂತ್ರದಲ್ಲಿ ಕೂಡಿಸಿ ಕೃತಕ ಗುರುತ್ವ ಕೊಟ್ಟು ನೋಡಿದರು. ಇದಕ್ಕೂ ಹಳೆಯದು, ನನಗೆ ಇನ್ನೂ ಮುಖ್ಯವೆನಿಸುವುದು 1966ರ ಡಲ್ಲಾಸ್ ಪ್ರಯೋಗ. ಇಪ್ಪತ್ತರ ಆಸುಪಾಸಿನ ಐವರು ಹುಡುಗರು ಮೂರು ವಾರ ಹಾಸಿಗೆಯಲ್ಲಿದ್ದರು. ಮೂವತ್ತು ವರ್ಷ ಕಳೆದ ಮೇಲೆ ಅವರನ್ನೇ ಹುಡುಕಿ ಮತ್ತೆ ಅಳೆದಾಗ ಕಂಡದ್ದೇನು? ಮೂವತ್ತು ವರ್ಷದ ಮುಪ್ಪು ಅವರ ದುಡಿಮೆಯ ಶಕ್ತಿಯನ್ನು ತಿಂದದ್ದಕ್ಕಿಂತ ಹೆಚ್ಚನ್ನು ಆ ಮೂರು ವಾರದ ಮಲಗುವಿಕೆ ತಿಂದಿತ್ತು.

ಆಪರೇಷನ್ ಆದ ಮನೆಯ ಹಿರಿಯರನ್ನು ‘ಏಳಬೇಡಿ, ಆರಾಮಾಗಿ ಮಲಗಿಕೊಂಡಿರಿ, ಎಲ್ಲ ಇಲ್ಲೇ ತಂದುಕೊಡ್ತೇವೆ’ ಎನ್ನುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಆ ಪ್ರೀತಿ ನಿಜ. ಆದರೆ ಹತ್ತು ದಿನ ಹಾಗೆ ಮಲಗಿದ ಅಜ್ಜನ ರಕ್ತದಲ್ಲಿ, ಹೃದಯದಲ್ಲಿ ಗಗನಯಾತ್ರಿಗೆ ಆದದ್ದೇ ಆಗುತ್ತಿರುತ್ತದೆ. ಹನ್ನೊಂದನೆಯ ದಿನ ನಸುಕಿನಲ್ಲಿ ಬಚ್ಚಲಿಗೆಂದು ಎದ್ದಾಗ ಬೀಳುವುದು, ತೊಡೆಯ ಎಲುಬು ಮುರಿಯುವುದು ಎಷ್ಟು ಮನೆಗಳ ಕಥೆ. ಆತನಿಗೆ ಕಾದು ನಿಂತ ವೈದ್ಯರ ತಂಡವಿಲ್ಲ, ಅಳತೆಗೆ ಹೊಲಿದ ಉಡುಪಿಲ್ಲ. ವೈದ್ಯರು ಒಪ್ಪಿದರೆ ಮರುದಿನದಿಂದಲೇ ಕಾಲು ಇಳಿಬಿಟ್ಟು ಕೂರಿಸುವುದು, ಏಳುವ ಮುನ್ನ ಪಾದವನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸುವುದು, ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ನಿಲ್ಲುವುದು, ನೀರು ಮಜ್ಜಿಗೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಇವೆಲ್ಲ ಆ ಕೋಟಿಗಟ್ಟಲೆ ಖರ್ಚಿನ ಸಂಶೋಧನೆಯ ಒಟ್ಟು ದಿಕ್ಕಿಗೇ ಸೇರಿದವು. ಬಿ.ಪಿ., ಹೃದಯ, ಕಿಡ್ನಿಯ ತೊಂದರೆ ಇರುವವರು ಮಾತ್ರ ಉಪ್ಪು, ನೀರಿನ ಅಳತೆಯನ್ನು ವೈದ್ಯರಿಂದಲೇ ಕೇಳಬೇಕು. ಎದ್ದು ನಿಂತರೆ ಎದೆ ಹೊಡೆದುಕೊಂಡು ತಲೆ ತಿರುಗುವ ಒಂದು ಕಾಯಿಲೆ ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಅದಕ್ಕೂ ಲೆವೀನ್ ಅವರ ತಂಡ ಗಗನಯಾತ್ರಿಗಳಿಂದ ಕಲಿತ ಪಾಠವನ್ನೇ ಒಯ್ದಿತು. ಮೊದಮೊದಲು ನಿಂತು ಮಾಡುವ ವ್ಯಾಯಾಮ ಬೇಡ, ಒರಗಿ ತುಳಿಯುವ ಸೈಕಲ್, ಕೂತು ಹುಟ್ಟು ಹಾಕುವ ಯಂತ್ರ. ತಿಂಗಳು ಕಳೆದಂತೆ ಮೆಲ್ಲಗೆ ನೆಟ್ಟಗಾಗುವುದು. ಎಷ್ಟೋ ಹುಡುಗಿಯರು ಹೀಗೆ ಕಾಲೇಜಿಗೆ, ಕೆಲಸಕ್ಕೆ ಮರಳಿದ್ದಾರೆ.

ಇನ್ನು ನಮ್ಮವರ ಸರದಿ. ಭಾರತೀಯ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಮರಳಿ 2025ರ ಜುಲೈ 15ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಇಳಿದ ಮೇಲೆ ಹ್ಯೂಸ್ಟನ್‌ನಲ್ಲಿ ಪುನಶ್ಚೇತನದ ತಾಲೀಮಿಗೆ ಒಳಗಾದರು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೇ ಭಾರತದ ಮಾನವಸಹಿತ ಯಾನವಾದ ‘ಗಗನಯಾನ’ಕ್ಕೆ ಅವರನ್ನೂ ಉಳಿದ ಮೂವರನ್ನೂ ಪರೀಕ್ಷಿಸಿ ಆರಿಸಿದ್ದು. ನಮ್ಮ ನೆಲದಿಂದ ನಮ್ಮದೇ ನೌಕೆ ಹೋದಾಗ ಅದರ ಯಾನ ಮೂರು ದಿನದ್ದು ಎಂಬುದು ಯೋಜನೆ. ಮೂರೇ ದಿನ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದಕ್ಕೆ ಕೂಪರ್ ಉದಾಹರಣೆ ಇದೆ. ಹೃದಯ ಕುಗ್ಗಲು ವಾರಗಳು ಬೇಕು, ಪ್ಲಾಸ್ಮಾ ಇಳಿಯಲು ಒಂದೆರಡು ದಿನ ಸಾಕು. ಇಳಿಯುವುದು ಕಡಲಿಗೆ. ಅಲೆಯ ಮೇಲೆ ಹೊಯ್ದಾಡುವ ಕೋಶದಲ್ಲಿ ವಾಂತಿಯಾದರೆ ಕುಡಿದ ಉಪ್ಪುನೀರೂ ಹೊರಗೆ. ಒಂದು ವೇಳೆ ಒಳಗೆ ಹೊಗೆಯೋ ನೀರೋ ತುಂಬಿದರೆ, ತಂಡ ಬಂದು ತಲುಪುವ ಮೊದಲೇ ಅವರು ತಾವಾಗಿ ಎದ್ದು ಹೊರಬರಬೇಕು. ಅಷ್ಟು ಚಿಕ್ಕ ಕೋಶದಲ್ಲಿ ಟ್ರೆಡ್‌ಮಿಲ್‌ಗೆ ಜಾಗವಿಲ್ಲ, ಮೂರು ದಿನದಲ್ಲಿ ಅದರ ಅಗತ್ಯವೂ ಅಷ್ಟಿಲ್ಲ. ಸರಿಯಾದ ಹೊತ್ತಿಗೆ ಕುಡಿದ ಉಪ್ಪುನೀರು, ಸೂಟಿನೊಳಗೆ ಬಿಗಿಯಾಗಿ ಕೂತ ಒಳಉಡುಪು, ವಾಂತಿ ತಡೆಯುವ ಔಷಧಿ, ಏಳುವ ಮುನ್ನ ಸೀಟಿನಲ್ಲೇ ಕಾಲಿನ ಸ್ನಾಯುಗಳನ್ನು ಹಿಂಡಿ ಬಿಡುವ ಅಭ್ಯಾಸ: ಅವರ ಆಸರೆಗೆ ಮುಖ್ಯವಾಗಿ ಇರುವುದು ಇಷ್ಟು.